ಒಂದೇ ಬೆರಳಲ್ಲಿ ಪೂರ್ತಿ ಪಕ್ಕವಾದ್ಯ!

ಒಗ್ಗರಣೆ ಹಾಕುತ್ತಾ ನೀವು ಗುನುಗುವ ಹಾಡು ಕುಕ್ಕರ್ ಕೂಗುವಷ್ಟರಲ್ಲಿ ನಿಂತುಹೋಗುತ್ತದೆಯೇ? ಕಾಲೇಜಿನಲ್ಲಿ ಭಾವಗೀತೆ ಸ್ಪರ್ಧೆಗೆ ಹೆಸರು ಕೊಡುತ್ತಿದ್ದ ನೀವು, ಈಗ ಯಾರಾದರೂ ‘ಒಂದು ಹಾಡು ಹೇಳ್ರೀ’ ಅಂದರೆ ‘ಅಯ್ಯೋ, ಟಚ್ ತಪ್ಪಿಹೋಗಿದೆ’ ಅಂತ ಜಾರಿಕೊಳ್ಳುತ್ತೀರಾ?

ಹಾಡಬೇಕು ಅಂತ ಆಸೆ ಇದೆ. ಆದರೆ ಪಕ್ಕದಲ್ಲಿ ನುಡಿಸುವವರಿಲ್ಲ. ವಾದ್ಯ ಕಲಿಯೋಣ ಅಂದರೆ ಮೇಷ್ಟ್ರು, ಫೀಸು, ವರ್ಷಗಟ್ಟಲೆ ಅಭ್ಯಾಸ. ಮನೆಯಲ್ಲೂ ‘ಈ ವಯಸ್ಸಲ್ಲಿ ಇದೆಲ್ಲ ಯಾಕೆ?’ ಅನ್ನುವ ಮಾತು. ಹೀಗೆ ಎಷ್ಟೋ ಹೆಂಗಸರ ದನಿ ಮದುವೆಯಾದ ಮೇಲೆ ಅಡುಗೆಮನೆ ದಾಟುವುದೇ ಇಲ್ಲ. ಇಂಥವರಿಗೆಂದೇ ಒಂದು ಸುಲಭದ ದಾರಿಯಿದೆ: ಒಂದೇ ಬೆರಳಿನಲ್ಲಿ ಕಾರ್ಡ್ ನುಡಿಸುವ ಎಲೆಕ್ಟ್ರಾನಿಕ್ ವಾದ್ಯಗಳು.

ಏನಿದು ಕಾರ್ಡ್?

ಹೊಂದುವ ಮೂರು ಸ್ವರಗಳನ್ನು ಒಟ್ಟಿಗೆ ನುಡಿಸಿದರೆ ಅದೇ ಕಾರ್ಡ್. ಸಂಗೀತ ಪಾಠಕ್ಕೆ ಹೋಗಿದ್ದವರಿಗೆ ಹೀಗೆ ಹೇಳಿದರೆ ಬೇಗ ಅರ್ಥವಾಗುತ್ತದೆ. ಷಡ್ಜ, ಅಂತರ ಗಾಂಧಾರ, ಪಂಚಮ ಸೇರಿದರೆ ಮೇಜರ್ ಕಾರ್ಡ್. ಗಾಂಧಾರವನ್ನು ಅರ್ಧ ಸ್ವರ ಇಳಿಸಿ ಸಾಧಾರಣ ಗಾಂಧಾರ ಮಾಡಿದರೆ ಮೈನರ್ ಕಾರ್ಡ್. ಮೊದಲನೆಯದು ಗೆಲುವಾಗಿ ಕೇಳಿಸುತ್ತದೆ, ಎರಡನೆಯದರಲ್ಲಿ ಸ್ವಲ್ಪ ವಿಷಾದದ ಛಾಯೆ.

ಗಿಟಾರಿನಲ್ಲಿ ಇದನ್ನು ಹಿಡಿಯಲು ಬೆರಳ ತುದಿ ಗಟ್ಟಿಯಾಗಬೇಕು. ಎಲೆಕ್ಟ್ರಾನಿಕ್ ವಾದ್ಯದಲ್ಲಿ ಒಂದು ಗುಂಡಿಯೋ ಒಂದು ಮನೆಯೋ ಒತ್ತಿದರೆ ಮೂರೂ ಸ್ವರ ತಾವಾಗಿಯೇ ಬರುತ್ತವೆ.

ಜಪಾನಿನಿಂದ ಬಂದ ಉಪಾಯ

ಈ ಜಾತಿಯ ವಾದ್ಯಗಳಲ್ಲಿ ಹೆಸರುವಾಸಿ ಓಮ್ನಿಕಾರ್ಡ್. ಜಪಾನಿನ ಹಮಾಮಾತ್ಸು ಊರಿನ ಸುಜುಕಿ ಸಂಗೀತ ವಾದ್ಯ ಕಂಪೆನಿ 1981ರಲ್ಲಿ ಇದನ್ನು ತಂದಿತು. (ಕಾರು ಮಾಡುವ ಸುಜುಕಿ ಬೇರೆ, ಇದು ಬೇರೆ.) ಎಡಗೈಯಿಂದ ಕಾರ್ಡ್ ಗುಂಡಿ ಒತ್ತಿ, ಬಲಗೈ ಬೆರಳನ್ನು ಒಂದು ಪಟ್ಟಿಯ ಮೇಲೆ ಸವರಿದರೆ ತಂತಿ ಮೀಟಿದಂತೆ ನಾದ ಹೊಮ್ಮುತ್ತದೆ. ಯಾವ ಜಾಗದಲ್ಲಿ ಸವರಿದರೂ ಆ ಕಾರ್ಡಿನ ಸ್ವರಗಳೇ ಬರುವುದರಿಂದ ಅಪಸ್ವರದ ಭಯವಿಲ್ಲ. 2024ರಲ್ಲಿ ಇದರ ಹೊಸ ಮಾದರಿ ಓಎಂ-108 ಮಾರುಕಟ್ಟೆಗೆ ಬಂತು. ಆದರೆ ಬೆಲೆ ನಮ್ಮ ಸಾಧಾರಣ ಕೀಬೋರ್ಡಿಗಿಂತ ಬಹಳ ಹೆಚ್ಚು. ಹವ್ಯಾಸಕ್ಕೆ ಅಷ್ಟು ಸುರಿಯಬೇಕಾಗಿಲ್ಲ ಬಿಡಿ.

ಅಟ್ಟದ ಮೇಲೊಮ್ಮೆ ನೋಡಿ

ಮಕ್ಕಳ ಬೇಸಿಗೆ ಶಿಬಿರಕ್ಕೆಂದು ಕೊಂಡ ಕೀಬೋರ್ಡ್ ಕವರ್ ಹಾಕಿಸಿಕೊಂಡು ಅಟ್ಟದಲ್ಲಿ ಮಲಗಿದೆಯೇ? ಇಳಿಸಿ. ಮೊದಲು ಒಳಗಿನ ಹಳೇ ಸೆಲ್ ತೆಗೆದುಹಾಕಿ, ಸೋರಿದ್ದರೆ ರಿಪೇರಿಯವರಿಗೆ ತೋರಿಸಿ. ಕ್ಯಾಸಿಯೋ, ಯಮಹಾ ಕಂಪೆನಿಗಳ 61 ಮನೆಯ ಬಹುತೇಕ ಕೀಬೋರ್ಡ್‌ಗಳಲ್ಲಿ ‘ಆಟೋ ಅಕಂಪನಿಮೆಂಟ್’ ಸೌಲಭ್ಯ ಇರುತ್ತದೆ. ನಮಗೆ ಬೇಕಾದದ್ದು ಅದೇ.

ಅದನ್ನು ಆನ್ ಮಾಡಿ ಎಡಭಾಗದ ಸಿ ಮನೆಯನ್ನು ಒಂದೇ ಬೆರಳಿನಲ್ಲಿ ಒತ್ತಿ. ಸಿ ಮೇಜರ್ ಕಾರ್ಡ್, ಜತೆಗೆ ತಾಳ, ಬೇಸ್ ಎಲ್ಲ ಶುರು! ಮೈನರ್ ಬೇಕಿದ್ದರೆ, ಕ್ಯಾಸಿಯೋದ ‘ಕ್ಯಾಸಿಯೋ ಕಾರ್ಡ್’ ವಿಧಾನದಲ್ಲಿ ಆ ಮನೆಯ ಜತೆ ಎಡಭಾಗದಲ್ಲೇ ಅದರ ಬಲಕ್ಕಿರುವ ಇನ್ಯಾವುದಾದರೂ ಒಂದು ಮನೆ ಒತ್ತಬೇಕು. ಯಮಹಾದ ಅನೇಕ ಮಾಡೆಲ್‌ಗಳಲ್ಲಿ ಎಡಕ್ಕೆ ಹತ್ತಿರವಿರುವ ಕರಿ ಮನೆಯನ್ನು ಸೇರಿಸಿ ಒತ್ತಬೇಕು. ನಿಮ್ಮದು ಯಾವ ರೀತಿ ಅನ್ನುವುದನ್ನು ಜತೆಗೆ ಬಂದ ಪುಸ್ತಕದಲ್ಲಿ ನೋಡಿಕೊಳ್ಳಿ.

ಐಫೋನ್ ಅಥವಾ ಐಪ್ಯಾಡ್ ಇದ್ದವರು ಗ್ಯಾರೇಜ್‌ಬ್ಯಾಂಡ್ ಎಂಬ ಉಚಿತ ಆ್ಯಪ್‌ನ ‘ಸ್ಮಾರ್ಟ್ ಗಿಟಾರ್’ನಲ್ಲಿ ಇದೇ ರುಚಿಯನ್ನು ನೋಡಬಹುದು. ಪೈಸೆ ಖರ್ಚಿಲ್ಲದೆ ನಿಮಗಿದು ಹಿಡಿಸುತ್ತದೋ ಇಲ್ಲವೋ ಗೊತ್ತಾಗುತ್ತದೆ.

ಮೊದಲ ತಿಂಗಳು ಹೀಗೆ ಮಾಡಿ

* ಮೊದಲ ವಾರ ಸಿ, ಎಫ್, ಜಿ ಮೂರೇ ಕಾರ್ಡ್. ಅಂದರೆ ಸ, ಮ, ಪ. ತಾಳದ ವೇಗವನ್ನು 70ಕ್ಕೆ ಇಳಿಸಿಕೊಂಡು, ಒಂದರಿಂದ ಇನ್ನೊಂದಕ್ಕೆ ನಿಲ್ಲದೆ ಹೋಗುವುದನ್ನಷ್ಟೇ ರೂಢಿ ಮಾಡಿಕೊಳ್ಳಿ.

* ಎರಡನೇ ವಾರ ಚೆನ್ನಾಗಿ ಬಾಯಿಗೆ ಬರುವ ಒಂದು ಸರಳ ಹಾಡು ಆರಿಸಿ. ಸಿ ಒತ್ತಿ ಹಾಡಲು ತೊಡಗಿ. ಎಲ್ಲಿ ಕಾರ್ಡ್ ಹಾಡಿಗೆ ಕೂಡುತ್ತಿಲ್ಲ ಅನ್ನಿಸುತ್ತದೋ ಅಲ್ಲಿ ಎಫ್ ಅಥವಾ ಜಿ ಒತ್ತಿ ನೋಡಿ. ನಿಮ್ಮ ಕಿವಿಯೇ ಹೇಳುತ್ತದೆ. ಎಷ್ಟೋ ಸರಳ ಹಾಡುಗಳಿಗೆ ಈ ಮೂರು ಸಾಕು. ಯಾವುದೂ ಕೂಡದಿದ್ದರೆ ಎ ಮೈನರ್ ಪ್ರಯತ್ನಿಸಿ.

* ಮೂರನೇ ವಾರ ಶ್ರುತಿ ಸರಿಮಾಡಿಕೊಳ್ಳಿ. ಹೆಂಗಸರು ಸಾಮಾನ್ಯವಾಗಿ ಐದು, ಐದೂವರೆ ಮನೆ ಶ್ರುತಿಯಲ್ಲಿ ಹಾಡುತ್ತಾರೆ. ಐದೂವರೆ ಅಂದರೆ ಜಿ ಶಾರ್ಪ್. ಅದಕ್ಕಾಗಿ ಹೊಸ ಕಾರ್ಡ್ ಕಲಿಯಬೇಕಿಲ್ಲ. ‘ಟ್ರಾನ್ಸ್‌ಪೋಸ್’ ಮೈನಸ್ 4ಕ್ಕೆ ಇಟ್ಟರೆ, ಸಿ ಒತ್ತಿದಾಗಲೇ ಜಿ ಶಾರ್ಪ್ ಬರುತ್ತದೆ. ದನಿ ಎಳೆದಾಡಿ ಗಂಟಲು ಕೆಡಿಸಿಕೊಳ್ಳಬೇಡಿ.

* ನಾಲ್ಕನೇ ವಾರ ತಾಳ ಹೊಂದಿಸಿ. ನಾಲ್ಕರ ನಡೆಯ ಹಾಡಿಗೆ 4/4, ತೂಗುವ ನಡೆಯ ಹಾಡಿಗೆ 6/8 ಅಥವಾ 3/4 ರಿದಂ ಆರಿಸಿ. ‘ಸಿಂಕ್ರೋ ಸ್ಟಾರ್ಟ್’ ಒತ್ತಿಟ್ಟರೆ ನೀವು ಮೊದಲ ಕಾರ್ಡ್ ಒತ್ತಿದಾಗ ಮಾತ್ರ ತಾಳ ಶುರುವಾಗುತ್ತದೆ.

ಹೊಸದಾಗಿ ಕೊಳ್ಳುವವರಿಗೆ

ಆಟಿಕೆಯಂಥ ಚಿಕ್ಕ ಮನೆಗಳ ಕೀಬೋರ್ಡ್‌ಗಳಲ್ಲಿ ಈ ಸೌಲಭ್ಯ ಇಲ್ಲದಿರಬಹುದು. ಆದ್ದರಿಂದ ಅಂಗಡಿಯಲ್ಲೇ ‘ಒಂದು ಬೆರಳಿನ ಕಾರ್ಡ್ ನುಡಿಸಿ ತೋರಿಸಿ’ ಎಂದು ಕೇಳಿ. ಹೆಡ್‌ಫೋನ್ ಜಾಕ್, ಟ್ರಾನ್ಸ್‌ಪೋಸ್ ಇವೆಯೇ ನೋಡಿ. ಕರೆಂಟ್ ಹೋದಾಗ ಪೆನ್ಸಿಲ್ ಸೆಲ್‌ನಲ್ಲಿ ನಡೆಯುವಂಥದ್ದಾದರೆ ಅನುಕೂಲ. ಅಡಾಪ್ಟರ್ ಮಾತ್ರ ಆಯಾ ಕಂಪೆನಿಯದ್ದೇ ಬಳಸಿ. ಮಕ್ಕಳು ಕಲಿತು ಬಿಟ್ಟ ಸೆಕೆಂಡ್ ಹ್ಯಾಂಡ್ ಕೀಬೋರ್ಡ್ ಕಡಿಮೆ ಬೆಲೆಗೆ ಸಿಕ್ಕರೂ ಆದೀತು. ಪ್ರತಿ ಮನೆಯನ್ನೂ ಒತ್ತಿ ಪರೀಕ್ಷಿಸಿಯೇ ದುಡ್ಡು ಕೊಡಿ.

ಇದನ್ನೂ ತಿಳಿದಿರಿ

ಇದು ಸಂಗೀತ ಪಾಠಕ್ಕೆ ಬದಲಿ ಅಲ್ಲ. ನಮ್ಮ ರಾಗಗಳ ಜೀವ ಇರುವುದು ಗಮಕದಲ್ಲಿ. ಮನೆಗಳಿರುವ ವಾದ್ಯದಲ್ಲಿ ಅದು ಸಲೀಸಾಗಿ ಬರುವುದಿಲ್ಲ. ತೋಡಿ, ಭೈರವಿಯ ಕೀರ್ತನೆಗೆ ಕಾರ್ಡ್ ಹಾಕಿದರೆ ರಾಗದ ರೂಪವೇ ಕೆಡುತ್ತದೆ. ಶಾಸ್ತ್ರೀಯ ಅಭ್ಯಾಸಕ್ಕೆ ಎಲೆಕ್ಟ್ರಾನಿಕ್ ತಂಬೂರವೇ ಸರಿ. ಬೆಂಗಳೂರಿನ ರಾಡೆಲ್ ಕಂಪೆನಿಯ ತಂಬೂರ, ಶ್ರುತಿಪೆಟ್ಟಿಗೆಗಳನ್ನು ನೀವು ಕಛೇರಿಗಳಲ್ಲಿ ನೋಡಿಯೇ ಇರುತ್ತೀರಿ. ಭಾವಗೀತೆ, ಸಿನಿಮಾ ಹಾಡು, ಶಿಶುಗೀತೆ, ಸರಳ ಭಜನೆಗಳಿಗೆ ಕಾರ್ಡ್ ಚೆನ್ನಾಗಿ ಹೊಂದುತ್ತದೆ.

ಇನ್ನೊಂದು ಮಾತು. ವಾದ್ಯವನ್ನು ಕವರ್ ಹಾಕಿ ಮೂಲೆಗಿಟ್ಟರೆ ಅದು ಮತ್ತೆ ಅಟ್ಟ ಸೇರುತ್ತದೆ. ಕೈಗೆ ಸಿಗುವ ಕಡೆ ಇಡಿ. ಮಕ್ಕಳು ಸ್ಕೂಲಿಗೆ, ಯಜಮಾನರು ಆಫೀಸಿಗೆ ಹೋದ ಮೇಲೆ ಅರ್ಧ ಗಂಟೆ ಅಂತ ಗೊತ್ತು ಮಾಡಿಕೊಳ್ಳಿ. ಕೆಲಸಕ್ಕೆ ಹೋಗುವವರು ರಾತ್ರಿ ಪಾತ್ರೆ ಮುಗಿದ ಮೇಲೆ ಹೆಡ್‌ಫೋನ್ ಹಾಕಿ ಕೂತುಕೊಳ್ಳಿ. ಮೊದಮೊದಲ ತಪ್ಪುಗಳು ನಿಮಗೆ ಬಿಟ್ಟು ಯಾರಿಗೂ ಕೇಳಿಸುವುದಿಲ್ಲ! ಆ ಹೊತ್ತಿನಲ್ಲಿ ಯಾರಾದರೂ ‘ಕಾಫಿ’ ಅಂದರೆ, ‘ಈ ಹಾಡು ಮುಗಿಯಲಿ’ ಅನ್ನಿ. ಹೀಗೆ ಹೇಳುವುದು ಕಾರ್ಡ್ ಕಲಿಯುವುದಕ್ಕಿಂತ ಕಷ್ಟ ಅನ್ನಿಸಬಹುದು, ಆದರೂ ಹೇಳಿ. ಮುಂದಿನ ಗೌರಿ ಹಬ್ಬಕ್ಕೆ ‘ಒಂದು ಹಾಡು ಹೇಳ್ರೀ’ ಅಂದಾಗ ಪಕ್ಕವಾದ್ಯದ ಸಮೇತ ರೆಡಿಯಾಗಿರುತ್ತೀರಿ.