ಮೆಸೇಜ್ ಫ್ರೀ ಆಯ್ತು, ಕಾಗದ ಯಾಕೆ ದುಬಾರಿ ಆಯ್ತು?

ಇವತ್ತಿನ ವಿಷಯ ನನ್ನ ಜೇಬಿನಿಂದಲೇ ಶುರು.

ನಾನು ಮೊದಲಿದ್ದ ಬಾಡಿಗೆ ಮನೆಯ ಓನರ್ ಅಡ್ವಾನ್ಸ್ ವಾಪಸ್ ಕೊಟ್ಟಿಲ್ಲ, ಈಗ ಮೈಸೂರಲ್ಲಿದ್ದಾರೆ. ಎಷ್ಟು ವಾಟ್ಸಾಪ್ ಹಾಕಿದ್ರೂ ಬರೀ ಬ್ಲೂ ಟಿಕ್. "ಲೆಟರ್ ಬರೆದು ರಿಜಿಸ್ಟರ್ಡ್ ಪೋಸ್ಟ್ ಮಾಡಿ, ರಸೀದಿ ಇಟ್ಕೊಳ್ಳಿ" ಅಂದ್ರು ಪರಿಚಯದ ವಕೀಲರು. ಬೆಂಗಳೂರಿನ ಅಂಚೆ ಕಚೇರಿಗೆ ಹೋದ್ರೆ ಕೌಂಟರ್‌ನಲ್ಲಿದ್ದ ಮೇಡಂ, "ಅದು ಈಗಿಲ್ಲಪ್ಪ, ಸ್ಪೀಡ್ ಪೋಸ್ಟೇ ಮಾಡ್ಬೇಕು" ಅಂದ್ರು.

2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟ್ ಜೊತೆ ವಿಲೀನ ಮಾಡಲಾಗಿದೆ. ಮೊದಲು 20 ಗ್ರಾಂ ಒಳಗಿನ ಕಾಗದಕ್ಕೆ 5 ರೂಪಾಯಿ ಅಂಚೆ, 17 ರೂಪಾಯಿ ರಿಜಿಸ್ಟ್ರೇಷನ್, ಒಟ್ಟು 22. ಅಕ್ಟೋಬರ್ 1ರ ಹೊಸ ದರದಲ್ಲಿ ಬೇರೆ ಊರಿಗೆ 50 ಗ್ರಾಂವರೆಗೆ 47 ರೂಪಾಯಿ. ವಿಳಾಸದಾರರ ಕೈಗೇ ಕೊಡ್ಬೇಕು ಅಂದ್ರೆ ಇನ್ನೂ 5. ಮೇಲೆ ಜಿಎಸ್‌ಟಿ.

ಕಾಗದ ಕಳಿಸೋರೇ ಇಲ್ಲ ಅಂದ್ಮೇಲೆ ದರ ಇಳೀಬೇಕಲ್ವಾ? ಇಲ್ಲ, ಇಲ್ಲಿ ಲೆಕ್ಕ ಉಲ್ಟಾ. ಪೋಸ್ಟ್‌ಮ್ಯಾನ್ ನಿಮ್ಮ ಬೀದಿಗೆ ನೂರು ಕಾಗದ ತಂದ್ರೂ ಹತ್ತು ತಂದ್ರೂ ನಡೆಯೋ ದೂರ ಹೆಚ್ಚು ಕಮ್ಮಿ ಅಷ್ಟೇ. ಸಂಬಳ, ವ್ಯಾನು, ಕಟ್ಟಡದ ಖರ್ಚೂ ಅಷ್ಟೇ. ಕಾಗದ ಕಮ್ಮಿ ಆದಷ್ಟೂ ಒಂದೊಂದರ ಪಾಲಿಗೆ ಬೀಳೋ ಖರ್ಚು ಜಾಸ್ತಿ. ದರ ಏರಿಸಿದ್ರೆ ಬ್ಯಾಂಕು, ಫೋನ್ ಕಂಪನಿಗಳು ಇ-ಮೇಲ್‌ಗೆ ಹೋಗ್ತವೆ, ಕಾಗದ ಇನ್ನೂ ಕಮ್ಮಿ. ನಾವು ಪ್ರೇಮಪತ್ರ ನಿಲ್ಲಿಸಿದ್ದಕ್ಕಿಂತ ಅಂಚೆಗೆ ದೊಡ್ಡ ಪೆಟ್ಟು ಇದೇ ಅನ್ನೋದು ನನ್ನ ಅನಿಸಿಕೆ.

ಇದು ಎಲ್ಲಿಗೆ ಮುಟ್ಟಬಹುದು ಅಂತ ಡೆನ್ಮಾರ್ಕ್ ನೋಡಿ. 2000ದಲ್ಲಿ ಅಲ್ಲಿ ಸುಮಾರು 145 ಕೋಟಿ ಪತ್ರ. 2024ರಲ್ಲಿ 11 ಕೋಟಿ. ಸರ್ಕಾರಿ ಪತ್ರಗಳೆಲ್ಲ ಮೊಬೈಲಿಗೇ ಬರ್ತಿದ್ವು. ತೆರಿಗೆ ವಿನಾಯಿತಿಯೂ ಹೋಗಿ, ಒಂದು ಪತ್ರದ ದರ 29 ಕ್ರೋನರ್ ಆಯ್ತು. 2025ರ ಡಿಸೆಂಬರ್ 30ಕ್ಕೆ ಅಲ್ಲಿನ ಸರ್ಕಾರಿ ಸ್ವಾಮ್ಯದ ಪೋಸ್ಟ್‌ನಾರ್ಡ್ ಪತ್ರ ಹಂಚೋದನ್ನೇ ನಿಲ್ಲಿಸಿ, ಪಾರ್ಸೆಲ್ ಮಾತ್ರ ಇಟ್ಕೊಂಡಿದೆ. ಪತ್ರ ಈಗ ಖಾಸಗಿ ಕಂಪನಿಯ ಕೈಲಿ.

ನಮ್ಮಲ್ಲಿ ಪೋಸ್ಟ್‌ಕಾರ್ಡ್ ಇನ್ನೂ 50 ಪೈಸೆ! ಅದನ್ನು ತಲುಪಿಸೋ ಖರ್ಚು ಅದರ ಎಷ್ಟೋ ಪಟ್ಟು. ಹಾಗಾಗಿ ಉಳಿದದ್ದನ್ನು ತುಂಬೋದು ಸರ್ಕಾರದ ದುಡ್ಡು, ಅಂದ್ರೆ ನಮ್ಮದೇ. ನನಗೇನೂ ಬೇಜಾರಿಲ್ಲ. ಆದ್ರೆ ರಸೀದಿ ಬೇಕೇ ಬೇಕು ಅನ್ನೋರಿಗೆ ಅಗ್ಗದ ದಾರಿ ಮುಚ್ಚಿದ್ದು ಮಾತ್ರ ಸರಿ ಅನ್ನಿಸ್ತಿಲ್ಲ.

ನನ್ನ ಕಾಗದ ಮೈಸೂರು ತಲುಪಿದೆ, ಟ್ರ್ಯಾಕಿಂಗ್‌ನಲ್ಲಿ ನೋಡಿದೆ. ಅಡ್ವಾನ್ಸ್ ಇನ್ನೂ ಬಂದಿಲ್ಲ.