ಕಳೆದುಕೊಂಡವರ ಪಡೆ

ಮುಖಪುಟದಲ್ಲಿ ಜೂನ್ 1963 ಎಂದು ಅಚ್ಚಾಗಿದ್ದ ‘ಮೈ ಗ್ರೇಟೆಸ್ಟ್ ಅಡ್ವೆಂಚರ್’ ಕಾಮಿಕ್ಸ್‌ನ 80ನೇ ಸಂಚಿಕೆಗೆ ಬೆಲೆ 12 ಸೆಂಟ್. ಅದನ್ನು ಕೊಂಡ ಅಮೆರಿಕದ ಹುಡುಗರಿಗೆ ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್‌ ಚೆನ್ನಾಗಿ ಗೊತ್ತಿತ್ತು. ಆದರೆ ಈ ಪುಟಗಳಲ್ಲಿದ್ದವರು ಬೇರೆಯೇ ಜನ. ಒಬ್ಬನಿಗೆ ಮುಖವಿರಬೇಕಾದ ಜಾಗದಲ್ಲಿ ಲೋಹದ ತಗಡು. ಇನ್ನೊಬ್ಬ ಅಡಿಯಿಂದ ಮುಡಿಯವರೆಗೆ ಬ್ಯಾಂಡೇಜು ಸುತ್ತಿಕೊಂಡವನು. ಮೂರನೆಯವಳು ಒಂದು ಕಾಲದ ಸಿನಿಮಾ ತಾರೆ, ಈಗ ಜನರ ಕಣ್ಣಿಗೆ ಬೀಳಲು ಹೆದರುವವಳು. ಈ ಮೂವರನ್ನು ಒಟ್ಟುಗೂಡಿಸಿದವನು ಗಾಲಿಕುರ್ಚಿಯಲ್ಲಿ ಕೂತ ಗಡ್ಡದ ವಿಜ್ಞಾನಿ. ‘ಡೂಮ್ ಪಟ್ರೋಲ್’ ಹುಟ್ಟಿದ್ದು ಹೀಗೆ.

ಈ ಪಡೆಯ ಹುಟ್ಟಿಗೆ ಕಾರಣವಾದದ್ದು ವ್ಯಾಪಾರದ ಒತ್ತಡ. 1955ರಲ್ಲಿ ಆರಂಭವಾದ ‘ಮೈ ಗ್ರೇಟೆಸ್ಟ್ ಅಡ್ವೆಂಚರ್’ನಲ್ಲಿ ಸಂಚಿಕೆಗೊಂದಿಷ್ಟು ಬಿಡಿ ಸಾಹಸಕಥೆಗಳು ಬರುತ್ತಿದ್ದವು. ಅಷ್ಟರಲ್ಲಿ ಗಾಳಿ ತಿರುಗಿತು. 1956ರಲ್ಲಿ ಸೂಪರ್‌ಹೀರೋ ಫ್ಲ್ಯಾಶ್ ಹೊಸ ರೂಪದಲ್ಲಿ ಬಂದ, 1961ರಲ್ಲಿ ಮಾರ್ವೆಲ್ ಕಂಪನಿಯ ‘ಫೆಂಟಾಸ್ಟಿಕ್ ಫೋರ್’ ಬಂತು. ಸೂಪರ್‌ಹೀರೋ ಇಲ್ಲದ ಪತ್ರಿಕೆಗೆ ಉಳಿಗಾಲವಿಲ್ಲ ಎಂಬಂತಾಯಿತು. ಈ ಪತ್ರಿಕೆಯನ್ನು ಹೊರತರುತ್ತಿದ್ದ ಡಿಸಿ ಕಂಪನಿಯ ಸಂಪಾದಕ ಮರ್ರಿ ಬೋಲ್ಟಿನೋಫ್ ತಮ್ಮ ಬರಹಗಾರ ಆರ್ನಲ್ಡ್ ಡ್ರೇಕ್‌ರಿಗೆ ಹೊಸ ತಂಡವೊಂದನ್ನು ಕಟ್ಟಿಕೊಡಲು ಹೇಳಿದರು. ಗಡುವು ಕೆಲವೇ ದಿನ. ಡ್ರೇಕ್ ಇನ್ನೊಬ್ಬ ಬರಹಗಾರ ಬಾಬ್ ಹೇನಿಯವರನ್ನು ಜೊತೆಗೆ ಸೇರಿಸಿಕೊಂಡರು. ಇಬ್ಬರೂ ಕೂಡಿ ಮೊದಲ ಕಥೆ ಬರೆದರು. ಆಮೇಲಿನ ವರ್ಷಗಳಲ್ಲಿ ಈ ಪಡೆಯನ್ನು ಬೆಳೆಸಿದವರು ಡ್ರೇಕ್.

ಅವಸರದಲ್ಲಿ ಬರೆದ ಕಥೆ ಎಂದು ಓದುವಾಗ ಅನ್ನಿಸುವುದೇ ಇಲ್ಲ. ಕ್ಲಿಫ್ ಸ್ಟೀಲ್ ಕಾರ್ ರೇಸ್ ಚಾಲಕ. ಇಂಡಿಯಾನಾಪೊಲಿಸ್‌ನ ಟ್ರ್ಯಾಕ್‌ನಲ್ಲಿ ಅಪಘಾತವಾಗಿ ಅವನ ದೇಹ ನುಚ್ಚುನೂರಾಗುತ್ತದೆ. ಉಳಿದ ಮಿದುಳನ್ನು ಲೋಹದ ಶರೀರದಲ್ಲಿ ಇಡುತ್ತಾರೆ. ಲ್ಯಾರಿ ಟ್ರೇನರ್ ಪರೀಕ್ಷಾ ವಿಮಾನದ ಪೈಲಟ್. ವಾತಾವರಣದ ಮೇಲಿನ ವಿಕಿರಣ ಪಟ್ಟಿಯೊಳಗೆ ಸಿಕ್ಕಿಬಿದ್ದು ಬಂದ ಮೇಲೆ ಅವನ ಮೈಯೇ ವಿಕಿರಣ ಸೂಸುತ್ತದೆ. ಬ್ಯಾಂಡೇಜು ಬಿಚ್ಚಿದರೆ ಎದುರಿಗಿದ್ದವರ ಪ್ರಾಣಕ್ಕೆ ಸಂಚಕಾರ. ಅವನೊಳಗಿನಿಂದ ಕಪ್ಪು ಶಕ್ತಿಯ ಆಕೃತಿಯೊಂದು ಹೊರಗೆ ಹಾರಬಲ್ಲದು. ಅದು 60 ಸೆಕೆಂಡಿನೊಳಗೆ ಮರಳಿ ಬಾರದಿದ್ದರೆ ಲ್ಯಾರಿ ಸಾಯುತ್ತಾನೆ. ರೀಟಾ ಫಾರ್ ನಟಿ. ಆಫ್ರಿಕಾದಲ್ಲಿ ಚಿತ್ರೀಕರಣಕ್ಕೆ ಹೋದಾಗ ವಿಚಿತ್ರ ಅನಿಲವನ್ನು ಉಸಿರಾಡುತ್ತಾಳೆ. ಅಂದಿನಿಂದ ಅವಳ ಮೈ ತೆಂಗಿನಮರದೆತ್ತರ ಬೆಳೆಯಲೂಬಹುದು, ಬೆರಳಿನಷ್ಟು ಕುಗ್ಗಲೂಬಹುದು.

ಈ ಮೂರು ವೃತ್ತಿಗಳನ್ನು ಒಂದು ಕ್ಷಣ ಗಮನಿಸಿ. ರೇಸ್ ಚಾಲಕ, ಪರೀಕ್ಷಾ ಪೈಲಟ್, ಹಾಲಿವುಡ್ ನಟಿ. 1963ರ ಅಮೆರಿಕ ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದುದು ಇಂಥವರನ್ನೇ. ಗಗನಯಾತ್ರಿ ಗಾರ್ಡನ್ ಕೂಪರ್ ಭೂಮಿಗೆ 22 ಸುತ್ತು ಹಾಕಿ ಬಂದದ್ದೂ ಅದೇ ವರ್ಷದ ಮೇ ತಿಂಗಳಲ್ಲಿ. ವೇಗ, ಎತ್ತರ, ಚೆಲುವು ಇವು ಮೂರನ್ನೂ ಪೂಜಿಸುತ್ತಿದ್ದ ಕಾಲದಲ್ಲಿ ಡ್ರೇಕ್ ಮತ್ತು ಹೇನಿ ಆ ಆರಾಧ್ಯ ವ್ಯಕ್ತಿಗಳನ್ನೇ ಆರಿಸಿಕೊಂಡು, ಅವರಿಗೆ ಹೆಸರು ತಂದುಕೊಟ್ಟಿದ್ದ ದೇಹವನ್ನೇ ಕಿತ್ತುಕೊಂಡರು. ಚಪ್ಪಾಳೆ ತಟ್ಟಿದ ಕೈಗಳೇ ಅವರನ್ನು ಕಂಡೊಡನೆ ಬಾಗಿಲು ಹಾಕಿಕೊಂಡವು. ಇವರಿಗೆ ಶಕ್ತಿ ವರವಾಗಿ ಬರಲಿಲ್ಲ, ಗಾಯವಾಗಿ ಬಂತು. ನನ್ನ ಮಟ್ಟಿಗೆ ಅಮೆರಿಕದ ಕಾಮಿಕ್ಸ್‌ನಲ್ಲಿ ಈ ಮಾತನ್ನು ಇಷ್ಟು ಸ್ಪಷ್ಟವಾಗಿ, ಇಡೀ ತಂಡದ ಕಥೆಯಾಗಿ ಹೇಳಿದ್ದು ಇವರೇ ಮೊದಲು.

‘ಚೀಫ್’ ಎಂದು ಕರೆಸಿಕೊಳ್ಳುವ ನೈಲ್ಸ್ ಕಾಲ್ಡರ್‌ನ ಪೂರ್ವಕಥೆ ಬಂದದ್ದು ನಂತರ, 88ನೇ ಸಂಚಿಕೆಯಲ್ಲಿ. ಜನರಲ್ ಇಮ್ಮಾರ್ಟಸ್ ಎಂಬ ಖಳ ಅವನ ಮೈಯೊಳಗೆ ಬಾಂಬ್ ಹುದುಗಿಸಿರುತ್ತಾನೆ. ಅದನ್ನು ತೆಗೆಸಿಕೊಳ್ಳಲು ಹೋಗಿ ಕಾಲುಗಳ ಬಲ ಕಳೆದುಕೊಳ್ಳುತ್ತಾನೆ. ಗಾಲಿಕುರ್ಚಿಯಲ್ಲಿ ಕೂತವನು ಯಾರ ಕರುಣೆಗೂ ಕಾಯದೆ ತಂಡವನ್ನು ಮುನ್ನಡೆಸುವ ಚಿತ್ರ 1963ರ ಮಕ್ಕಳ ಪುಸ್ತಕದಲ್ಲಿ ಸಣ್ಣ ಸಂಗತಿಯಲ್ಲ.

ಇಷ್ಟೆಲ್ಲ ನಂಬುವಂತೆ ಮಾಡಿದ್ದು ಬ್ರೂನೋ ಪ್ರೆಮಿಯಾನಿಯವರ ಕೈ. 1907ರಲ್ಲಿ ತ್ರಿಯೆಸ್ತೆಯಲ್ಲಿ ಹುಟ್ಟಿದ ಈ ಚಿತ್ರಕಾರ ಮುಸೊಲಿನಿಯ ಆಡಳಿತವನ್ನು ವಿರೋಧಿಸಿ ಇಟಲಿ ಬಿಡಬೇಕಾಯಿತು. ಅರ್ಜೆಂಟೀನಾ ಸೇರಿ ಅಲ್ಲಿ ನೆಲೆ ಕಂಡುಕೊಂಡರು. ಅವರ ಗೆರೆ ಶಾಂತ, ಬಟ್ಟೆಯ ಮಡಿಕೆ ಮಡಿಕೆಯೂ ಎದ್ದು ಕಾಣುವಷ್ಟು ಸಾವಧಾನದ್ದು. ಬೇರೆಯವರು ಸ್ನಾಯುಗಳನ್ನು ಉಬ್ಬಿಸಿ ಬರೆಯುತ್ತಿದ್ದಾಗ ಇವರು ಮುಖಗಳನ್ನು ಬರೆದರು. ಕ್ಲಿಫ್‌ಗೆ ಅಲ್ಲಾಡುವ ತುಟಿಯಿಲ್ಲ, ಹುಬ್ಬಿಲ್ಲ. ಆದರೂ ತಲೆ ಬಾಗಿದ ಕೋನ, ಹೆಗಲು ಇಳಿಬಿದ್ದ ರೀತಿ ನೋಡಿದರೆ ಸಾಕು, ಆ ಲೋಹದೊಳಗೆ ಮನುಷ್ಯನಿದ್ದಾನೆ ಎಂದು ಗೊತ್ತಾಗುತ್ತದೆ. ಸಂಚಿಕೆ ಸಂಚಿಕೆಗೂ ಅವನ ಕೈಯೋ ಕಾಲೋ ಮುರಿಯುತ್ತದೆ, ಸುಡುತ್ತದೆ. ಚೀಫ್ ಮತ್ತೆ ಜೋಡಿಸುತ್ತಾನೆ, ಕ್ಲಿಫ್ ಎದ್ದು ನಡೆಯುತ್ತಾನೆ. ಲ್ಯಾರಿಯ ಜೊತೆ ಅವನ ಜಗಳ ತಪ್ಪುವುದಿಲ್ಲ. ಒಬ್ಬರನ್ನೊಬ್ಬರು ಹೀಗಳೆಯುತ್ತಲೇ ಒಬ್ಬರಿಗಾಗಿ ಒಬ್ಬರು ಪ್ರಾಣ ಒತ್ತೆಯಿಡುತ್ತಾರೆ. ಸ್ಟೀವ್ ಡೇಟನ್ ಎಂಬ ಆಗರ್ಭ ಶ್ರೀಮಂತ, ರೀಟಾಳನ್ನು ಮೆಚ್ಚಿಸಲು ಮನಶ್ಶಕ್ತಿಯ ಶಿರಸ್ತ್ರಾಣ ಮಾಡಿಕೊಂಡು ಬಂದಾಗ ಇಬ್ಬರಿಗೂ ಮೈಯೆಲ್ಲ ಉರಿ. ಆ ಸಿಟ್ಟು ನ್ಯಾಯವಾದದ್ದೇ. ಅವನು ಬೇಕೆಂದಾಗ ಶಿರಸ್ತ್ರಾಣ ತೆಗೆದಿಟ್ಟು ಮನೆಗೆ ಹೋಗಬಲ್ಲ. ಇವರು ತಮ್ಮ ಮೈಯನ್ನು ಎಲ್ಲಿ ತೆಗೆದಿಟ್ಟಾರು?

86ನೇ ಸಂಚಿಕೆಯಿಂದ ಪತ್ರಿಕೆಯ ಹೆಸರೇ ‘ಡೂಮ್ ಪಟ್ರೋಲ್’ ಎಂದಾಯಿತು. ಅದೇ ಸಂಚಿಕೆಯಲ್ಲಿ ಎದುರಾಳಿಗಳ ‘ಬ್ರದರ್‌ಹುಡ್ ಆಫ್ ಈವಿಲ್’ ಬಂತು. ಅದರ ನಾಯಕ ದೇಹವಿಲ್ಲದ ಬರೀ ಮಿದುಳು, ಬಲಗೈ ಬಂಟ ವಿದ್ಯಾವಂತ ಗೊರಿಲ್ಲಾ.

ಈಗ ಎಕ್ಸ್-ಮೆನ್ ವಿಷಯಕ್ಕೆ ಬರಲೇಬೇಕು. ಸಿನಿಮಾಗಳಿಂದಾಗಿ ನಮ್ಮಲ್ಲೂ ಮನೆಮಾತಾದ, ಮಾರ್ವೆಲ್‌ನ ಎಕ್ಸ್-ಮೆನ್‌ನ ಮೊದಲ ಸಂಚಿಕೆಯ ಮೇಲಿರುವುದು ಸೆಪ್ಟೆಂಬರ್ 1963. ಡೂಮ್ ಪಟ್ರೋಲ್ ಬಂದ ಮೂರು ತಿಂಗಳಿಗೆ. ಅಲ್ಲೂ ಗಾಲಿಕುರ್ಚಿಯ ಮೇಧಾವಿ ನಾಯಕ, ಅಲ್ಲೂ ಜನ ಹೆದರುವ ವಿಚಿತ್ರ ಶಕ್ತಿವಂತರು. 1964ರ ಮಾರ್ಚ್‌ನಲ್ಲಿ ಡಿಸಿಯ ‘ಬ್ರದರ್‌ಹುಡ್ ಆಫ್ ಈವಿಲ್’ ಬಂದರೆ ಅದೇ ತಿಂಗಳು ಎಕ್ಸ್-ಮೆನ್‌ನಲ್ಲಿ ‘ಬ್ರದರ್‌ಹುಡ್ ಆಫ್ ಈವಿಲ್ ಮ್ಯೂಟೆಂಟ್ಸ್’ ಬಂತು. ಎರಡೂ ಕಂಪನಿಗಳು ನ್ಯೂಯಾರ್ಕಿನಲ್ಲೇ ಇದ್ದವು, ಚಿತ್ರಕಾರರು ಅಲ್ಲಿಂದಿಲ್ಲಿಗೆ ಓಡಾಡುತ್ತಿದ್ದರು. ಮೊದಮೊದಲು ಇದನ್ನು ಕಾಕತಾಳೀಯ ಎಂದುಕೊಂಡಿದ್ದ ಡ್ರೇಕ್, ಕೊನೆಗಾಲದಲ್ಲಿ ಮಾರ್ವೆಲ್‌ನ ಬರಹಗಾರ ಸ್ಟ್ಯಾನ್ ಲೀಗೆ ತಮ್ಮ ಕಥೆಯ ಸುಳಿವು ಸಿಕ್ಕಿತ್ತು ಎಂದೇ ನಂಬಿದರು. ನನಗೆ ಕಳ್ಳತನದ ವಾದ ಒಪ್ಪಿಗೆಯಾಗುವುದಿಲ್ಲ. ಮೂರು ತಿಂಗಳಲ್ಲಿ ಕಥೆ ಬರೆದು, ಚಿತ್ರ ಬಿಡಿಸಿ, ಅಚ್ಚು ಮಾಡಿ ಅಂಗಡಿಗೆ ತರುವುದು ಅಂದಿನ ಪದ್ಧತಿಯಲ್ಲಿ ಕಷ್ಟ. ಸ್ವಂತ ದೇಹವನ್ನೇ ದ್ವೇಷಿಸುವ ನಾಯಕ 1961ರ ಫೆಂಟಾಸ್ಟಿಕ್ ಫೋರ್‌ನಲ್ಲೇ ಇದ್ದ, ಕಲ್ಲಿನ ಮೈಯ ಬೆನ್ ಗ್ರಿಮ್. ಆ ಬೀಜ ಇಬ್ಬರ ಹೊಲದಲ್ಲೂ ಬಿದ್ದಿತ್ತು. ಅದಕ್ಕಿಂತ ಮುಖ್ಯವಾಗಿ, ಎರಡೂ ತಂಡಗಳ ಸ್ವಭಾವವೇ ಬೇರೆ. ಎಕ್ಸ್-ಮೆನ್ ಹುಟ್ಟುತ್ತಲೇ ಭಿನ್ನರಾದ ಹದಿಹರೆಯದವರು, ಶಾಲೆಯಲ್ಲಿ ಪಾಠ ಕಲಿಯುವವರು. ಡೂಮ್ ಪಟ್ರೋಲ್‌ನವರು ಬದುಕು ಕಟ್ಟಿಕೊಂಡು, ಅದನ್ನು ಒಂದೇ ದಿನದಲ್ಲಿ ಕಳೆದುಕೊಂಡ ವಯಸ್ಕರು.

ಕೊನೆ ಬಂದದ್ದು 1968ರಲ್ಲಿ. ಮಾರಾಟ ಇಳಿದಿತ್ತು. ಡ್ರೇಕ್ ಮತ್ತು ಕಂಪನಿಯ ಸಂಬಂಧವೂ ಕೆಟ್ಟಿತ್ತು. ಆಗಿನ ಬರಹಗಾರರಿಗೆ ಪುಟಕ್ಕಿಷ್ಟು ಎಂದು ಕೂಲಿ. ಪಾತ್ರಗಳ ಮೇಲೆ ಹಕ್ಕಿಲ್ಲ, ಮರುಮುದ್ರಣಕ್ಕೆ ಹಣವಿಲ್ಲ, ಕಾಯಿಲೆ ಬಿದ್ದರೆ ವಿಮೆಯಿಲ್ಲ. ಡ್ರೇಕ್ ಸೇರಿದಂತೆ ಕೆಲವು ಹಿರಿಯ ಬರಹಗಾರರು ಹೆಚ್ಚಿನ ದರ, ಆರೋಗ್ಯ ವಿಮೆ ಕೇಳಿದರು. ಕೇಳಿದವರಲ್ಲಿ ಹಲವರಿಗೆ ಕ್ರಮೇಣ ಅಲ್ಲಿ ಕೆಲಸವೇ ಸಿಗದಂತಾಯಿತು. 121ನೇ ಸಂಚಿಕೆ ಡ್ರೇಕ್ ಬರೆದ ಕೊನೆಯ ಡೂಮ್ ಪಟ್ರೋಲ್. ಕ್ಯಾಪ್ಟನ್ ಝಾಲ್ ಎಂಬ ಖಳ ಆಯ್ಕೆ ಮುಂದಿಡುತ್ತಾನೆ: ನೀವು ನಾಲ್ವರು ಸಾಯುತ್ತೀರೋ, ಮೇನ್ ರಾಜ್ಯದ ಕಾಡ್ಸ್‌ವಿಲ್ ಎಂಬ ಮೀನುಗಾರರ ಹಳ್ಳಿಯ 14 ಜನ ಸಾಯಬೇಕೋ? ಆ 14 ಜನರ ಹೆಸರೂ ಇವರಿಗೆ ಗೊತ್ತಿಲ್ಲ. ತಮ್ಮನ್ನು ಕಂಡರೆ ದೂರ ಸರಿಯುತ್ತಿದ್ದ ಲೋಕದ ಜನರೇ ಅವರು. ನಾಲ್ವರೂ ಸಾವನ್ನು ಆರಿಸಿಕೊಂಡರು, ಅವರಿದ್ದ ದ್ವೀಪ ಸ್ಫೋಟಿಸಿತು. ಅಮೆರಿಕದ ಕಾಮಿಕ್ಸ್‌ನಲ್ಲಿ ಇಡೀ ನಾಯಕ ತಂಡವನ್ನು ಹೀಗೆ ಕೊಂದು ಪತ್ರಿಕೆ ಮುಗಿಸಿದ ಉದಾಹರಣೆ ಅದುವರೆಗೆ ನನಗೆ ಕಾಣದು. ಅದೇ ಸಂಚಿಕೆಯಲ್ಲಿ ಪ್ರೆಮಿಯಾನಿ ಮತ್ತು ಬೋಲ್ಟಿನೋಫ್ ತಾವೇ ಪಾತ್ರಗಳಾಗಿ ಬಂದು ಓದುಗರ ಜೊತೆ ಮಾತಾಡುತ್ತಾರೆ. ಕಥೆ ಬರೆದ ಡ್ರೇಕ್ ಆ ಚೌಕಗಳಲ್ಲಿ ಇಲ್ಲ.

ಡಿಸಿ ಬಿಟ್ಟ ಡ್ರೇಕ್ ಮಾರ್ವೆಲ್‌ಗೆ ಹೋಗಿ ಕೆಲವು ಸಂಚಿಕೆ ಎಕ್ಸ್-ಮೆನ್ ಬರೆದರು. ಚಿತ್ರಕಾರ ಜೀನ್ ಕೋಲನ್ ಜೊತೆ ಇನ್ನೊಂದು ತಂಡವನ್ನೂ ಸೃಷ್ಟಿಸಿದರು. 1969ರ ಆ ತಂಡದ ಹೆಸರು ‘ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ’.

ಡೂಮ್ ಪಟ್ರೋಲ್ ಸತ್ತು ಸುಮ್ಮನಿರಲಿಲ್ಲ. 1977ರಲ್ಲಿ ಪಾಲ್ ಕುಪ್ಪರ್‌ಬರ್ಗ್ ಹೊಸ ತಂಡ ಕಟ್ಟಿದಾಗ ಅದರ ಮುಂದಾಳಾಗಿ ಬಂದವಳು ಅರಾನಿ ದೇಸಾಯಿ ಎಂಬ ಭಾರತೀಯ ಹೆಣ್ಣು, ತಾನು ಚೀಫ್‌ನ ಹೆಂಡತಿ ಎಂದವಳು. 1989ರಿಂದ ಗ್ರಾಂಟ್ ಮಾರಿಸನ್ ಬರೆದ ಕಥೆಗಳು ಈ ಪಡೆಯನ್ನು ಹೊಸ ತಲೆಮಾರಿಗೆ ತಲುಪಿಸಿದವು. ಅವರ ಬರವಣಿಗೆಯಲ್ಲೇ ಕಠಿಣ ತಿರುವೊಂದು ಬಂತು: ಕ್ಲಿಫ್, ಲ್ಯಾರಿ, ರೀಟಾ ಮೂವರ ಅಪಘಾತಗಳ ಹಿಂದೆಯೂ ಇದ್ದವನು ಚೀಫ್. ಮೊದಲ ಕಥೆಯ ಭರವಸೆಗೆ ಇದು ಕೊಟ್ಟ ಏಟು ದೊಡ್ಡದು. ನನಗೆ ಇಂದಿಗೂ ಡ್ರೇಕ್‌ರ ಚೀಫೇ ಇಷ್ಟ. ಮಾರಿಸನ್ ನಂತರ ಬರೆದ ರೇಚಲ್ ಪೊಲಾಕ್ ಸ್ವತಃ ಟ್ರಾನ್ಸ್ ಮಹಿಳೆ. ಕೇಟ್ ಗಾಡ್ವಿನ್ ಎಂಬ ಟ್ರಾನ್ಸ್ ನಾಯಕಿಯನ್ನು ಅವರು ಈ ತಂಡಕ್ಕೆ ಕರೆತಂದರು. ಅವಳಿಗೆ ಇದಕ್ಕಿಂತ ಸರಿಯಾದ ಮನೆ ಇರಲಿಲ್ಲ. 2019ರಲ್ಲಿ ಶುರುವಾದ ಟಿವಿ ಸರಣಿ ನಾಲ್ಕು ಸೀಸನ್ ಓಡಿತು. ಕ್ಲಿಫ್‌ಗೆ ದನಿ ಕೊಟ್ಟವರು ಬ್ರೆಂಡನ್ ಫ್ರೇಸರ್.

ಡ್ರೇಕ್‌ರಿಗೆ 2005ರಲ್ಲಿ ಬಿಲ್ ಫಿಂಗರ್ ಪ್ರಶಸ್ತಿ ಬಂತು, ಆ ಪ್ರಶಸ್ತಿ ಆರಂಭವಾದ ವರ್ಷವೇ. ಅರ್ಹ ಮನ್ನಣೆ ಪಡೆಯದ ಕಾಮಿಕ್ಸ್ ಬರಹಗಾರರಿಗಾಗಿ ಇರುವ ಪ್ರಶಸ್ತಿ ಅದು. ಎರಡು ವರ್ಷಗಳ ನಂತರ, 2007ರ ಮಾರ್ಚ್‌ನಲ್ಲಿ, ಅವರು ತೀರಿಕೊಂಡರು. ಹಳೆಯ ಡೂಮ್ ಪಟ್ರೋಲ್ ಸಂಚಿಕೆಗಳು ಈಗ ಸಂಕಲನಗಳಾಗಿ ಸಿಗುತ್ತವೆ. ಟಿವಿ ಸರಣಿ ನೋಡಿ ಮೆಚ್ಚಿದವರು ಅವನ್ನು ದಯವಿಟ್ಟು ಓದಿ. ಮನೆಯ ಮಕ್ಕಳ ಕೈಗೂ ಕೊಡಿ. ಕೊಡುವಾಗ ಡ್ರೇಕ್, ಹೇನಿ, ಪ್ರೆಮಿಯಾನಿ ಎಂಬ ಮೂರು ಹೆಸರು ಹೇಳುವುದನ್ನು ಮರೆಯಬೇಡಿ.