ಮೊದಲ ಹೆರಿಗೆಯಲ್ಲಿ ಆಳವಾಗಿ ಹರಿದಿದ್ದರೆ ಎರಡನೆಯದು ಸಿಸೇರಿಯನ್ನೇ ಆಗಬೇಕೆ?

ಬಸುರಿಯರಿಗೆಂದು ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಸಂದೇಶಗಳಲ್ಲಿ ಎರಡು ಬಗೆ. ಮೊದಲ ಹೆರಿಗೆಯಲ್ಲಿ ಹೊಲಿಗೆ ಬಿದ್ದಿದ್ದರೆ ಎರಡನೆಯದು ಸಿಸೇರಿಯನ್ನೇ ಎನ್ನುತ್ತದೆ ಒಂದು. ಸಿಸೇರಿಯನ್ ಎಲ್ಲವೂ ದುಡ್ಡಿನಾಟ, ಸ್ವಲ್ಪ ನೋವು ತಡೆದುಕೊಂಡರೆ ಎಲ್ಲರಿಗೂ ನಾರ್ಮಲ್ ಆಗುತ್ತದೆ ಎನ್ನುತ್ತದೆ ಇನ್ನೊಂದು. ಎರಡೂ ತಪ್ಪು. ಸರಿಯಾದ ಉತ್ತರ ಎರಡು ವಿಷಯಗಳ ಮೇಲೆ ನಿಂತಿದೆ: ಅಂದು ಎಷ್ಟು ಆಳಕ್ಕೆ ಹರಿದಿತ್ತು, ಇಂದು ಏನಾದರೂ ತೊಂದರೆ ಉಳಿದಿದೆಯೇ.

ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಯ ಸುತ್ತ ಒಂದು ಸುತ್ತು ಹಾಕಿದರೆ ಈ ವಿಷಯದ ಎರಡು ಮುಖಗಳೂ ಕಾಣುತ್ತವೆ. ಒಂದು ಕಡೆ ಬಾಣಂತಿ ಖಾರ, ಲೇಹ್ಯದ ಸಾಮಾನು ಕಟ್ಟಿಕೊಡುವ ಗ್ರಂಧಿಗೆ ಅಂಗಡಿಗಳು. ಪಕ್ಕದಲ್ಲೇ ವಾಣಿವಿಲಾಸ ಆಸ್ಪತ್ರೆ. ಮಾರುಕಟ್ಟೆಗೆ ಮೈಸೂರು ಅರಸರ ಹೆಸರಾದರೆ ಆಸ್ಪತ್ರೆಗೆ ನಾಲ್ವಡಿ ಕೃಷ್ಣರಾಜ ಒಡೆಯರ ತಾಯಿಯ ಹೆಸರು. 1935ರಲ್ಲಿ ಶುರುವಾದ ಈ ಹೆರಿಗೆ ಮತ್ತು ಮಕ್ಕಳ ಆಸ್ಪತ್ರೆ ಇಂದು ಬೆಂಗಳೂರು ಮೆಡಿಕಲ್ ಕಾಲೇಜಿಗೆ ಸೇರಿದೆ. ಬಾಣಂತನದ ಸಾಮಾನು ಅಂಗಡಿಯಲ್ಲಿ ಸಿಗುತ್ತದೆ, ಈ ಪ್ರಶ್ನೆಗೆ ಉತ್ತರ ಸಿಗುವುದು ಆಸ್ಪತ್ರೆಯಲ್ಲಿ.

ಹೊಲಿಗೆಗಳೆಲ್ಲ ಒಂದೇ ಅಲ್ಲ

ಮಗುವಿನ ತಲೆ ಹೊರಬರುವಾಗ ಯೋನಿ ಮತ್ತು ಮಲದ್ವಾರದ ನಡುವಿನ ಜಾಗ ಹಿಗ್ಗುತ್ತದೆ. ಎಷ್ಟೋ ಸಲ ಸ್ವಲ್ಪ ಹರಿಯುತ್ತದೆ. ವೈದ್ಯರು ಇದನ್ನು ನಾಲ್ಕು ಹಂತಗಳಲ್ಲಿ ಗುರುತಿಸುತ್ತಾರೆ.

• 1ನೇ ಹಂತ: ಚರ್ಮ ಮಾತ್ರ ಹರಿದಿರುತ್ತದೆ.
• 2ನೇ ಹಂತ: ಚರ್ಮದ ಕೆಳಗಿನ ಸ್ನಾಯುವೂ ಹರಿದಿರುತ್ತದೆ.
• 3ನೇ ಹಂತ: ಮಲದ್ವಾರವನ್ನು ಬಿಗಿಹಿಡಿಯುವ ಸ್ನಾಯುವಿಗೆ ಪೆಟ್ಟು ಬಿದ್ದಿರುತ್ತದೆ.
• 4ನೇ ಹಂತ: ಆ ಸ್ನಾಯುವನ್ನೂ ದಾಟಿ ಕರುಳಿನ ಒಳಪದರದವರೆಗೆ ಹರಿದಿರುತ್ತದೆ.

3 ಮತ್ತು 4ನೇ ಹಂತವನ್ನು ಮಾತ್ರ ತೀವ್ರ ಎನ್ನುತ್ತಾರೆ. ಹೆರಿಗೆ ಸುಲಭವಾಗಲೆಂದು ವೈದ್ಯರೇ ಕತ್ತರಿಸಿ ಹಾಕುವ ಹೊಲಿಗೆ ಇದಲ್ಲ. ಆ ಕತ್ತರಿಕೆಗೆ ಎಪಿಸಿಯಾಟಮಿ ಎಂದು ಹೆಸರು. ನಮ್ಮಲ್ಲಿ ಹೊಲಿಗೆ ಬಿದ್ದಿದೆ ಎನ್ನುವ ಹೆಚ್ಚಿನವರಿಗೆ ಆಗಿರುವುದು ಎಪಿಸಿಯಾಟಮಿ ಅಥವಾ 2ನೇ ಹಂತದ ಗಾಯ. ಅಷ್ಟರಿಂದಲೇ ಮುಂದಿನ ಹೆರಿಗೆಗೆ ಸಿಸೇರಿಯನ್ ಬೇಕಾಗುವುದಿಲ್ಲ.

ಹಾಗಾದರೆ ನಿಮ್ಮದು ಯಾವುದು? ಹಳೆಯ ಡಿಸ್ಚಾರ್ಜ್ ಸಮ್ಮರಿ ತೆಗೆದು ನೋಡಿ. ಥರ್ಡ್ ಡಿಗ್ರಿ, ಫೋರ್ತ್ ಡಿಗ್ರಿ, ಸಿಪಿಟಿ ಅಥವಾ ಒಎಎಸ್‌ಐ ಎಂದು ಬರೆದಿದ್ದರೆ ಅದು ತೀವ್ರ ಗಾಯ. ಹೆರಿಗೆಯಾದ ಕೂಡಲೇ ಆಪರೇಷನ್ ಥಿಯೇಟರಿಗೆ ಕರೆದೊಯ್ದು ಅರಿವಳಿಕೆ ಕೊಟ್ಟು ಹೊಲಿದಿದ್ದರೆ ಅದೂ ಒಂದು ಸುಳಿವು. ಕಾಗದ ಕಳೆದಿದ್ದರೆ ಹೆರಿಗೆಯಾದ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಪ್ರತಿ ಕೇಳಬಹುದು.

ಯಾರಿಗೂ ಹೇಳದ ತೊಂದರೆ

ತೀವ್ರವಾಗಿ ಹರಿದರೂ ಸರಿಯಾಗಿ ಗುರುತಿಸಿ ಹೊಲಿದರೆ ಬಹುಪಾಲು ಮಹಿಳೆಯರು ಚೇತರಿಸಿಕೊಳ್ಳುತ್ತಾರೆ. ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜು 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ 100ರಲ್ಲಿ 60ರಿಂದ 80 ಮಂದಿಗೆ ವರ್ಷ ತುಂಬುವಷ್ಟರಲ್ಲಿ ಯಾವ ತೊಂದರೆಯೂ ಇರುವುದಿಲ್ಲ.

ಉಳಿದವರ ಕಷ್ಟ ಬಾಯಿಬಿಟ್ಟು ಹೇಳುವಂಥದ್ದಲ್ಲ. ನಾಲ್ಕು ಜನರ ನಡುವೆ ತಡೆಯಲಾಗದೆ ಗಾಳಿ ಹೋಗುತ್ತದೆ. ಮಲ ಬರುವಂತಾದರೆ ಶೌಚಾಲಯಕ್ಕೆ ಓಡಬೇಕಾಗುತ್ತದೆ, ಕೆಲವೊಮ್ಮೆ ಬಟ್ಟೆಯಲ್ಲೇ ಸ್ವಲ್ಪ ಆಗಿಬಿಡುತ್ತದೆ. ಬಸ್ ಹತ್ತಲು ಹೆದರಿ, ಮದುವೆ ಮನೆಗೆ ಹೋಗಲು ಹಿಂಜರಿದು ಮನೆಯಲ್ಲೇ ಉಳಿಯುವವರಿದ್ದಾರೆ. ಅಮ್ಮನ ಹತ್ತಿರವೂ ಗಂಡನ ಹತ್ತಿರವೂ ಹೇಳಿರುವುದಿಲ್ಲ. ಹೆತ್ತ ಮೇಲೆ ಇದೆಲ್ಲ ಇದ್ದದ್ದೇ ಎಂದುಕೊಂಡು ಸುಮ್ಮನಿರುತ್ತಾರೆ. ಆದರೆ ಇದು ಚಿಕಿತ್ಸೆ ಇರುವ ತೊಂದರೆ. ಮುಂದಿನ ಹೆರಿಗೆ ಹೇಗಾಗಬೇಕು ಎಂಬ ತೀರ್ಮಾನವೂ ಹೆಚ್ಚಾಗಿ ಈ ಒಂದು ಮಾತಿನ ಮೇಲೇ ನಿಂತಿರುತ್ತದೆ. ಆದ್ದರಿಂದ ವೈದ್ಯರು ಕೇಳದಿದ್ದರೂ ನೀವೇ ಹೇಳಿ.

ಮತ್ತೆ ನಾರ್ಮಲ್ ಹೆರಿಗೆಯಾದರೆ?

ಅದೇ ಮಾರ್ಗಸೂಚಿಯ ಪ್ರಕಾರ, ಹಿಂದೆ ತೀವ್ರವಾಗಿ ಹರಿದವರು ಮತ್ತೆ ನಾರ್ಮಲ್ ಆಗಿ ಹೆತ್ತರೆ 100ರಲ್ಲಿ 5ರಿಂದ 7 ಮಂದಿಗೆ ಮತ್ತೆ ಹಾಗೆ ಆಗಬಹುದು. ಮೊದಲ ಸಲ ಹೆರುವವರಲ್ಲೂ ಬ್ರಿಟನ್ನಿನ ಪ್ರಮಾಣ 100ಕ್ಕೆ ಸುಮಾರು 6. ಅಂದರೆ 90ಕ್ಕೂ ಹೆಚ್ಚು ಮಂದಿಗೆ ಮತ್ತೆ ತೀವ್ರವಾಗಿ ಹರಿಯುವುದಿಲ್ಲ. ಮಗು 4 ಕಿಲೋಗಿಂತ ಹೆಚ್ಚಿದ್ದರೆ, ಮಗುವಿನ ಮುಖ ಮೇಲ್ಮುಖವಾಗಿದ್ದರೆ ಅಥವಾ ಫೋರ್ಸೆಪ್ಸ್ ಬಳಸಬೇಕಾಗಿ ಬಂದರೆ ಅಪಾಯ ಹೆಚ್ಚುತ್ತದೆ.

ಇನ್ನೊಂದು ಅಂಕಿಯನ್ನೂ ನೋಡಬೇಕು. ಎರಡನೇ ನಾರ್ಮಲ್ ಹೆರಿಗೆಯ ನಂತರ 100ರಲ್ಲಿ 17ರಿಂದ 24 ಮಂದಿಗೆ ಮಲ ತಡೆಯುವ ತೊಂದರೆ ಹೆಚ್ಚಾಗಬಹುದು. ಮೊದಲ ಹೆರಿಗೆಯ ನಂತರ ಸ್ವಲ್ಪ ಕಾಲವಾದರೂ ಆ ತೊಂದರೆ ಅನುಭವಿಸಿದ್ದವರಲ್ಲಿ ಇದು ಹೆಚ್ಚು.

ಆದ್ದರಿಂದ ತಜ್ಞರ ಸಲಹೆ ಸಾಮಾನ್ಯವಾಗಿ ಹೀಗಿರುತ್ತದೆ: ಈಗ ಯಾವ ತೊಂದರೆಯೂ ಇಲ್ಲದಿದ್ದರೆ ನಾರ್ಮಲ್ ಹೆರಿಗೆ ಒಳ್ಳೆಯ ಆಯ್ಕೆಯೇ. ಗಾಳಿ, ಮಲ ತಡೆಯಲಾಗದ ತೊಂದರೆ ಉಳಿದಿದ್ದರೆ, ಅಥವಾ ಸ್ಕ್ಯಾನ್‌ನಲ್ಲಿ ಸ್ನಾಯು ಕೂಡಿಕೊಂಡಿಲ್ಲ ಎಂದು ಕಂಡರೆ, ಮೊದಲೇ ದಿನ ಗೊತ್ತುಮಾಡಿದ ಸಿಸೇರಿಯನ್ ಬಗ್ಗೆ ಮಾತಾಡಬೇಕು. ಹಿಂದಿನ ಹೆರಿಗೆಯ ಭಯ ಇನ್ನೂ ಮನಸ್ಸಿನಿಂದ ಹೋಗದಿದ್ದರೆ ಅದನ್ನೂ ಹೇಳಿ, ಅದೂ ಲೆಕ್ಕಕ್ಕೆ ಬರುತ್ತದೆ.

ಸಿಸೇರಿಯನ್ ಎಂದರೆ ಸುಲಭವೇ?

ಕರ್ನಾಟಕದಲ್ಲಿ 100 ಹೆರಿಗೆಗಳಲ್ಲಿ 31ಕ್ಕೂ ಹೆಚ್ಚು ಸಿಸೇರಿಯನ್ ಎಂದು 5ನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಇಷ್ಟು ಸಾಮಾನ್ಯವಾಗಿರುವುದರಿಂದ ಅದು ಚಿಕ್ಕ ವಿಷಯ ಅನ್ನಿಸಬಹುದು. ಯೋಜಿತ ಸಿಸೇರಿಯನ್ ಆ ಸ್ನಾಯುವನ್ನು ಮತ್ತೆ ಹರಿಯದಂತೆ ಕಾಪಾಡುತ್ತದೆ, ನಿಜ. ಆದರೆ ಅದು ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆ. ರಕ್ತಸ್ರಾವ, ಸೋಂಕು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು ಇದರ ಅಪಾಯಗಳು. ಮುಂದಿನ ಬಸಿರಿನಲ್ಲಿ ಮಾಸು ಹಳೆಯ ಹೊಲಿಗೆಯ ಜಾಗಕ್ಕೆ ಬೇರುಬಿಟ್ಟು ಅಂಟಿಕೊಳ್ಳುವ ಅಪಾಯ ಪ್ರತಿ ಸಿಸೇರಿಯನ್‌ಗೂ ಏರುತ್ತಾ ಹೋಗುತ್ತದೆ. ಹೀಗಾಗಿ ಇನ್ನೂ ಮಕ್ಕಳು ಬೇಕೇ ಎಂಬುದೂ ತೀರ್ಮಾನದ ಭಾಗ. ಈಗಾಗಲೇ ಇರುವ ತೊಂದರೆಯನ್ನು ಸಿಸೇರಿಯನ್ ವಾಸಿ ಮಾಡುವುದಿಲ್ಲ. ಹೆಚ್ಚದಂತೆ ತಡೆಯಬಹುದು, ಅಷ್ಟೆ.

ಫಾರ್ವರ್ಡ್ ಮಾಡುವ ಮುನ್ನ

ನಂಬಿಕೆ: ತುಪ್ಪ, ಹರಳೆಣ್ಣೆ ಕುಡಿದರೆ ಹರಿಯದೆ ಜಾರಿಕೊಂಡು ಹೆರಿಗೆಯಾಗುತ್ತದೆ.
ವಾಸ್ತವ: ಹೊಟ್ಟೆಗೆ ಹೋದ ಎಣ್ಣೆ ಹೆರಿಗೆಯ ದಾರಿಗೆ ಬರುವುದಿಲ್ಲ. ಹರಳೆಣ್ಣೆಯಿಂದ ಭೇದಿಯಾಗಿ ಬಸುರಿ ಸುಸ್ತಾಗಬಹುದು. ಮಗುವಿನ ತಲೆ ಹೊರಬರುವಾಗ ಆ ಜಾಗಕ್ಕೆ ಬೆಚ್ಚಗಿನ ಒದ್ದೆ ಬಟ್ಟೆಯ ಶಾಖ ಕೊಡುವುದರಿಂದ ತೀವ್ರವಾಗಿ ಹರಿಯುವುದು ಕಡಿಮೆಯಾಗುತ್ತದೆ ಎಂಬುದಕ್ಕೆ ಅಧ್ಯಯನಗಳ ಆಧಾರವಿದೆ. ತಲೆಯನ್ನು ನಿಧಾನವಾಗಿ, ಕೈಯಾಸರೆ ಕೊಟ್ಟು ಬರಮಾಡಿಕೊಳ್ಳುವುದೂ ಮುಖ್ಯ.

ನಂಬಿಕೆ: ಮೊದಲೇ ಕತ್ತರಿಸಿಬಿಟ್ಟರೆ ಮತ್ತೆ ಹರಿಯುವುದಿಲ್ಲ.
ವಾಸ್ತವ: ಎಲ್ಲರಿಗೂ ಕತ್ತರಿಸುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಒಪ್ಪುವುದಿಲ್ಲ. ಅಗತ್ಯವಿದ್ದಾಗ, ಸರಿಯಾದ ಕೋನದಲ್ಲಿ, ಓರೆಯಾಗಿ ಮಾಡಬೇಕು.

ನಂಬಿಕೆ: ಬಾಣಂತಿಗೆ ನೀರು, ಸೊಪ್ಪು, ಹಣ್ಣು ಕೊಟ್ಟರೆ ಹೊಲಿಗೆ ಕೀವಾಗುತ್ತದೆ.
ವಾಸ್ತವ: ಇದು ತಿರುಗುಮುರುಗು. ನೀರು, ನಾರಿನಂಶ ಕಡಿಮೆಯಾದರೆ ಮಲಬದ್ಧತೆ ಬರುತ್ತದೆ, ಮುಕ್ಕಿದಾಗ ಆ ಹೊಲಿಗೆಯ ಮೇಲೇ ಒತ್ತಡ ಬೀಳುತ್ತದೆ. ತೀವ್ರವಾಗಿ ಹರಿದವರಿಗೆ ವೈದ್ಯರು ಮಲ ಮೆದುವಾಗಲು ಔಷಧ ಕೊಡುವುದೇ ಇದಕ್ಕಾಗಿ. ಖಾರ, ಲೇಹ್ಯ ಏನೇ ಕೊಡಿ, ಬಾಯಾರಿದಷ್ಟು ನೀರು ಮಾತ್ರ ತಪ್ಪಿಸಬೇಡಿ.

ಎಲ್ಲಿ, ಯಾವಾಗ, ಏನು ಕೇಳಬೇಕು?

ಬಸಿರು ಖಚಿತವಾದ ಮೊದಲ ತಪಾಸಣೆಯಲ್ಲೇ ವಿಷಯ ಎತ್ತಿ. ತಾಯಿ ಕಾರ್ಡ್ ಜೊತೆ ಹಳೆಯ ಡಿಸ್ಚಾರ್ಜ್ ಸಮ್ಮರಿ ಒಯ್ಯಿರಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳ 9ರಂದು ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ಅಲ್ಲಿ ನಾರ್ಮಲ್ ಹೆರಿಗೆಯೂ ಸಿಸೇರಿಯನ್ನೂ ಉಚಿತ, ಹಾಗಾಗಿ ದುಡ್ಡಿನ ಹೆದರಿಕೆಯಿಂದ ಆಯ್ಕೆ ಮಾಡಬೇಕಿಲ್ಲ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಸೌಲಭ್ಯವಿಲ್ಲದಿದ್ದರೆ ವಾಣಿವಿಲಾಸದಂಥ ದೊಡ್ಡ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ. ಈ ಪ್ರಶ್ನೆಗಳನ್ನು ಕೇಳಿ:

• ನನ್ನದು ಯಾವ ಹಂತದ ಗಾಯ? ಸ್ನಾಯು ಪೂರ್ತಿ ಕೂಡಿಕೊಂಡಿದೆಯೇ?
• ಮಲದ್ವಾರದ ಸ್ನಾಯುವಿನ ಸ್ಕ್ಯಾನ್ ನನಗೆ ಬೇಕೇ? ಎಲ್ಲಿ ಮಾಡುತ್ತಾರೆ?
• ಈ ಮಗುವಿನ ತೂಕ ಎಷ್ಟಿರಬಹುದು?
• ನಾರ್ಮಲ್ ಆದರೆ, ಹೆರಿಗೆ ಮಾಡಿಸುವವರಿಗೆ ನನ್ನ ಹಿಂದಿನ ಗಾಯದ ವಿಷಯ ಗೊತ್ತಿರುತ್ತದೆಯೇ?
• ಸಿಸೇರಿಯನ್‌ಗೆ ದಿನ ಗೊತ್ತುಮಾಡಿ, ಅದಕ್ಕೂ ಮುಂಚೆ ನೋವು ಶುರುವಾದರೆ ಏನು ಮಾಡಬೇಕು?

ಅಕ್ಕನಿಗೆ ಆದದ್ದು, ಪಕ್ಕದ ಮನೆಯವರಿಗೆ ಆದದ್ದು ನಿಮಗೂ ಹೊಂದಬೇಕೆಂದಿಲ್ಲ. ಒಂದೇ ಹಂತದ ಗಾಯವಾಗಿದ್ದ ಇಬ್ಬರಲ್ಲಿ ಒಬ್ಬರು ನಾರ್ಮಲ್, ಇನ್ನೊಬ್ಬರು ಸಿಸೇರಿಯನ್ ಆರಿಸಿಕೊಳ್ಳಬಹುದು. ಇಬ್ಬರದೂ ಸರಿಯಾದ ತೀರ್ಮಾನವೇ ಆಗಿರಬಹುದು.